ಕೂಗಳತೆ

ದೂರವನ್ನು ಅಳೆಯಲು ನಮ್ಮ ಹಿರಿಯರಲ್ಲಿ ಮೊಳವಿತ್ತು, ಮಾರಿತ್ತು, ಹರದಾರಿಯಿತ್ತು. ಇವುಗಳ ಜೊತೆಗೆ ಕೂಗಳತೆಯೆಂಬ ಇನ್ನೊಂದು ಅಳತೆಯೂ ಇತ್ತು. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರವೇ ಕೂಗಳತೆ. ಹೊಲಕ್ಕೆ ಹೋದ ಮಗನು, ಹಿತ್ತಲಲ್ಲಿರುವ ಸೊಸೆ, ನೆರೆಮನೆಯ ಅಜ್ಜ, ಇವರೆಲ್ಲರೂ ಕೂಗಳತೆಯಲ್ಲಿದ್ದರೆ ಮನೆಗೆ ಧೈರ್ಯ. ಈ ಅಳತೆಯಲ್ಲಿ ಒಂದು ವಿಶೇಷವಿದೆ. ಮೊಳವನ್ನು ಅಳೆಯಲು ಒಂದು ಕೈ ಸಾಕು. ಕೂಗಳತೆಗೆ ಕೂಗುವ ಬಾಯೂ ಬೇಕು, ಕೇಳುವ ಕಿವಿಯೂ ಬೇಕು. ಕಿವಿಯಿಲ್ಲದ ಕಡೆ ಕೂಗಳತೆಯೆಂಬುದೇ ಇಲ್ಲ. ಈ ತಿಂಗಳು ಆ ಕಿವಿಯ ವಿಷಯವಾಗಿ ವಾಚಕ ಬಂಧುಗಳೊಡನೆಯೂ ಸೋದರಿಯರೊಡನೆಯೂ ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಮನಸ್ಸು.

ಈ ಯೋಚನೆಗೆ ಕಾರಣವಾದುದು ಒಂದು ರಾತ್ರಿ. ಎರಡು ವರ್ಷಗಳ ಹಿಂದೆ, ತುಮಕೂರಿನಲ್ಲಿ ಬಂಧುಗಳ ಮನೆಯ ಮದುವೆಯನ್ನು ಮುಗಿಸಿಕೊಂಡು ನಾವೂ ನಮ್ಮ ಗೃಹಿಣಿಯೂ ದಾಬಸ್‌ಪೇಟೆಯನ್ನು ದಾಟಿ ನೆಲಮಂಗಲದ ಕಡೆಗೆ ಬರುತ್ತಿದ್ದೆವು. ಹೆದ್ದಾರಿಯಲ್ಲಿ ನಿಂತಿದ್ದ ಲಾರಿಯೊಂದಕ್ಕೆ ತರಕಾರಿಯ ಗಾಡಿಯೊಂದು ಹಿಂದಿನಿಂದ ಬಡಿದಿತ್ತು. ಗಾಡಿಯನ್ನು ನಡೆಸುತ್ತಿದ್ದವನು ಇಪ್ಪತ್ತು ತುಂಬದ ಹುಡುಗ. ಮುಂಭಾಗವು ನುಜ್ಜುಗುಜ್ಜಾಗಿ ಅವನ ಕಾಲು ತಗಡಿನ ನಡುವೆ ಸಿಕ್ಕಿಕೊಂಡಿತ್ತು. ಎಚ್ಚರವಿತ್ತು, ನೀರು ಕೇಳಿದನು. ನಾವು ಫೋನಿನಲ್ಲಿ ಸುದ್ದಿ ಕೊಟ್ಟೆವು. "ಸೇತುವೆಯ ಹತ್ತಿರ" ಎಂದೆವು. ಆ ದಾರಿಯಲ್ಲಿ ಸೇತುವೆಗಳು ಎಷ್ಟಿವೆಯೆಂಬುದು ಆಗ ನಮ್ಮ ತಲೆಗೆ ಹೊಳೆಯಲಿಲ್ಲ.

ಆಂಬುಲೆನ್ಸು ಬೇಗನೆಯೇ ಬಂದಿತು. ಆದರೆ ರಸ್ತೆಯ ಆಚೆಯ ಮಗ್ಗುಲಿಗೆ. ನಡುವಿನ ಕಟ್ಟೆಯನ್ನು ದಾಟಲು ಮುಂದೆ ಹೋಗಿ ತಿರುಗಿ ಬರಬೇಕಾಯಿತು. ಪೋಲೀಸರ ಗಸ್ತಿನ ಗಾಡಿಯು ಹಿಂದಿನ ಸೇತುವೆಯ ಬಳಿ ನಿಂತು ನಮ್ಮನ್ನು ಹುಡುಕುತ್ತಿತ್ತು. ತಗಡನ್ನು ಕತ್ತರಿಸುವ ಸಾಧನವಿದ್ದ ಬೆಂಕಿಯ ವಾಹನವು ಮುಂದಿನ ಸೇತುವೆಯ ಬಳಿ ನಿಂತಿತ್ತು. ಮೂರು ವಾಹನಗಳ ಕೆಂಪು ದೀಪಗಳೂ ನಮಗೆ ಕಾಣುತ್ತಿದ್ದುವು. ಒಬ್ಬೊಬ್ಬರೂ ತಮ್ಮ ತಮ್ಮ ಕಛೇರಿಗೆ ಮಾತನಾಡುವರು; ಆ ಕಛೇರಿಯು ಇನ್ನೊಂದು ಕಛೇರಿಗೆ ಫೋನು ಮಾಡುವುದು; ಅದು ಮತ್ತೆ ತನ್ನವರಿಗೆ ಹೇಳುವುದು. ಹೀಗೆ ಇಪ್ಪತ್ತು ನಿಮಿಷಗಳು ಕಳೆದುಹೋದುವು. ಬಂದವರೆಲ್ಲರೂ ಕೂಗಳತೆಯಲ್ಲಿದ್ದರು, ಆದರೆ ಅವರ ನಡುವೆ ಕೂಗು ಮಾತ್ರ ಇರಲಿಲ್ಲ. ಹುಡುಗನು ಬದುಕಿದನು. ಅವನ ಬಲಪಾದವನ್ನು ತೆಗೆಯಬೇಕಾಯಿತು. ಆ ಇಪ್ಪತ್ತು ನಿಮಿಷಗಳು ಉಳಿದಿದ್ದರೆ ಪಾದವೂ ಉಳಿಯುತ್ತಿತ್ತೇ ಎಂಬುದನ್ನು ವೈದ್ಯರು ಹೇಳಲಿಲ್ಲ. ಕೇಳುವ ಧೈರ್ಯ ನಮಗೂ ಬರಲಿಲ್ಲ.

ನಮ್ಮ ಹಳೆಯ ಶಿಷ್ಯನೊಬ್ಬನು ಪೋಲೀಸ್ ಇಲಾಖೆಯ ವೈರ್‌ಲೆಸ್ ಶಾಖೆಯಲ್ಲಿ ಕೆಲಸಮಾಡಿ, ಈಗ ನಿವೃತ್ತನಾಗಿ ದೊಡ್ಡಬಳ್ಳಾಪುರದಲ್ಲಿರುವನು. ಹಬ್ಬಕ್ಕೆ ನಮ್ಮನ್ನು ನೋಡಲು ಬಂದಾಗ ಈ ಸಂಗತಿಯನ್ನು ಅವನಿಗೆ ಹೇಳಿ, "ಏನಪ್ಪಾ, ಮೂವರೂ ಸರ್ಕಾರದ ಅನ್ನವನ್ನೇ ಉಣ್ಣುವವರಲ್ಲವೆ? ಒಬ್ಬರ ಮಾತು ಒಬ್ಬರಿಗೆ ಏಕೆ ಕೇಳಲಿಲ್ಲ?" ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ಅಲ್ಲಿ ಬಂದವರಲ್ಲಿ ಸೋಮಾರಿಗಳು ಯಾರೂ ಇಲ್ಲ. ಮೂವರೂ ಓಡಿಯೇ ಬಂದಿದ್ದಾರೆ. ಆದರೆ ಮೂವರ ಕಿವಿಗಳೂ ಬೇರೆ ಬೇರೆ ಮನೆಗಳಲ್ಲಿದ್ದವು" ಎಂದನು. ಆ ಒಂದು ಮಾತಿನ ವ್ಯಾಖ್ಯಾನವೇ ಈ ಲೇಖನ.

ಹಿಂದೆ ಊರಿನ ಕಿವಿಯಾಗಿದ್ದವನು ತಳವಾರ. ರಾತ್ರಿ ಊರೆಲ್ಲ ಮಲಗಿದ ಮೇಲೆ ಅವನೊಬ್ಬನು ಎಚ್ಚರವಾಗಿರಬೇಕು. ಬಣವೆಗೆ ಬೆಂಕಿ ಬಿದ್ದರೆ, ಕಳ್ಳರು ಕಾಣಿಸಿಕೊಂಡರೆ ತಮಟೆಯನ್ನು ಬಾರಿಸಬೇಕು. ಆ ತಮಟೆಯ ಸದ್ದು ಎಲ್ಲರಿಗೂ ಒಂದೇ ಸಲ ಕೇಳುವುದು. ಗೌಡರಿಗೊಂದು ತಮಟೆ, ಶಾನುಭೋಗರಿಗೊಂದು ತಮಟೆ ಎಂದು ಇರಲಿಲ್ಲ. ತಳವಾರನೂ ಕೆರೆಯ ನೀರನ್ನು ಹಂಚುವ ನೀರುಗಂಟಿಯೂ ಹನ್ನೆರಡು ಮಂದಿ ಆಯಗಾರರಲ್ಲಿ ಸೇರಿದವರು. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಇಷ್ಟು ಧಾನ್ಯವೆಂದು ಸಲ್ಲುತ್ತಿತ್ತು. ಆ ವರ್ಷ ಊರಿಗೆ ಕಳ್ಳರೇ ಬರಲಿಲ್ಲವೆಂದು ತಳವಾರನ ಆಯವನ್ನು ಯಾರೂ ಕಡಿಮೆಮಾಡುತ್ತಿರಲಿಲ್ಲ. ಊರು ಅವನಿಗೆ ಧಾನ್ಯವನ್ನಳೆದದ್ದು ಕಳ್ಳನನ್ನು ಹಿಡಿದುದಕ್ಕಲ್ಲ, ಎಚ್ಚರವಾಗಿದ್ದುದಕ್ಕೆ. ಆ ಏರ್ಪಾಟಿನಲ್ಲಿ ಅನ್ಯಾಯವೂ ಇದ್ದಿತು. ದುಡಿಮೆಯನ್ನು ಹುಟ್ಟಿಗೆ ಕಟ್ಟಿಹಾಕಿದ್ದರು. ಆನುವಂಶಿಕವಾದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ತೊಡೆದುಹಾಕಿದ್ದು ಯುಕ್ತವೇ ಸರಿ. ಆದರೆ ಎಚ್ಚರಕ್ಕೆ ಬೆಲೆಯುಂಟೆಂಬ ತತ್ತ್ವವು ಅದರೊಡನೆ ಹೋಗಬಾರದು.

ಇನ್ನು ಆಕಾಶದ ವಿಷಯ. ಶಬ್ದವು ಆಕಾಶದ ಗುಣವೆಂದು ನಮ್ಮ ತಾರ್ಕಿಕರು ಹೇಳುವರು. ವೈರ್‌ಲೆಸ್ಸಿನಲ್ಲಿ ಹರಿಯುವುದು ಶಬ್ದವಲ್ಲ, ವಿದ್ಯುತ್ಕಾಂತ ತರಂಗ. ಈ ಕೊನೆಯಲ್ಲಿ ಮಾತು ತರಂಗವಾಗುವುದು, ಆ ಕೊನೆಯಲ್ಲಿ ತರಂಗವು ಮತ್ತೆ ಮಾತಾಗುವುದು. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂಥ ತರಂಗದಿಂದ ಗೋಡೆಯಾಚೆಯ ಗಂಟೆಯನ್ನು ಬಾರಿಸಿ ತೋರಿಸಿದರು. ನಮ್ಮ ಮೈಸೂರಿನಲ್ಲಿ 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಪ್ರಯತ್ನದಿಂದ ಬಾನುಲಿ ಕೇಂದ್ರವನ್ನು ತೆರೆದರು. ಆಕಾಶವಾಣಿಯೆಂಬ ಹೆಸರು ಅಲ್ಲಿಯದೇ. 1954ರಲ್ಲಿ ನೆಲಮಂಗಲದ ದಾರಿಗೆ ಸಮೀಪದ ಜಾಲಹಳ್ಳಿಯಲ್ಲಿ ಸೈನ್ಯದ ಎಲೆಕ್ಟ್ರಾನಿಕ್ ಉಪಕರಣಗಳಿಗಾಗಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಸ್ಥಾಪಿತವಾಯಿತು. ಆದುದರಿಂದ ಈ ವಿದ್ಯೆಯು ನಮ್ಮ ಸೀಮೆಗೆ ಹೊಸತಲ್ಲ.

"ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಫೋನು ಇರುವಾಗ ಆ ವಾಕಿಟಾಕಿಯೇಕೆ?" ಎಂದು ನಾವು ಶಿಷ್ಯನನ್ನು ಕೇಳಿದೆವು. ಅವನ ಉತ್ತರದ ಸಾರಾಂಶವಿಷ್ಟು. ಫೋನು ಇಬ್ಬರ ಸಂಭಾಷಣೆ; ವೈರ್‌ಲೆಸ್ಸು ಸಭೆಯ ಮಾತು. ಗುಂಡಿಯನ್ನು ಒತ್ತಿ ಒಬ್ಬನು ಆಡಿದುದು ಆ ಗುಂಪಿನ ಎಲ್ಲರಿಗೂ ಆ ಕ್ಷಣವೇ ಕೇಳುವುದು. ಆಧುನಿಕ ಜಾಲಗಳಲ್ಲಿ ಒತ್ತಿದ ಅರ್ಧ ಸೆಕೆಂಡಿನೊಳಗೆ ದಾರಿ ತೆರೆಯುವುದು. ದೊಡ್ಡ ಅವಘಡವಾದಾಗ ಸಾವಿರಾರು ಮಂದಿ ಒಮ್ಮೆಗೇ ಫೋನು ಮಾಡುವುದರಿಂದ ಫೋನಿನ ದಾರಿಯು ಜಾತ್ರೆಯ ಬೀದಿಯಂತೆ ಕಟ್ಟಿಕೊಳ್ಳುವುದು. ಪ್ರತ್ಯೇಕವಾದ ವೈರ್‌ಲೆಸ್ ದಾರಿಗೆ ಆ ನೂಕುನುಗ್ಗಲು ಇಲ್ಲ. ಗೋಪುರವೇ ಉರುಳಿದರೂ ಸಮೀಪದಲ್ಲಿರುವ ಎರಡು ಸೆಟ್ಟುಗಳು ನೇರವಾಗಿ ಒಂದರೊಡನೊಂದು ಮಾತನಾಡಬಲ್ಲವು. ತರಂಗಗಳಿಗೆ ಬೆಟ್ಟವು ಅಡ್ಡವಾದರೆ ಆಚೆಯ ಕಣಿವೆ ಕಿವುಡಾಗುವುದು; ಬೆಟ್ಟದ ನೆತ್ತಿಯ ಮೇಲೆ ಮಾತನ್ನು ಹಿಡಿದು ಮುಂದಕ್ಕೆ ಎಸೆಯುವ ರಿಪೀಟರ್ ಯಂತ್ರವನ್ನಿಟ್ಟರೆ ಅದೇ ಬೆಟ್ಟವು ಉಪಕಾರಿಯಾಗುವುದು. ಒಂದು ಕಡೆ ಶಿವಗಂಗೆ, ಇನ್ನೊಂದು ಕಡೆ ಮಾಕಳಿದುರ್ಗ, ನಂದಿ, ಇವುಗಳ ನಡುವೆ ವಾಸಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹಾಗಾದರೆ ತೊಡಕೆಲ್ಲಿ? ಹಳೆಯ ಪದ್ಧತಿಯಲ್ಲಿ ಪೋಲೀಸರಿಗೆ ಒಂದು ದಾರಿ, ಬೆಂಕಿಯವರಿಗೆ ಒಂದು ದಾರಿ, ವೈದ್ಯರಿಗೆ ಒಂದು ದಾರಿ. ಒಂದರಲ್ಲಿ ಕಿಕ್ಕಿರಿದ ಮಾತು. ಪಕ್ಕದ ದಾರಿಯು ಬರಿದು. ಒಂದರಲ್ಲಿದ್ದವನಿಗೆ ಇನ್ನೊಂದರ ಮಾತು ಕೇಳದು. ಹೊಸ ಪದ್ಧತಿಯಲ್ಲಿ ದಾರಿಗಳನ್ನೆಲ್ಲ ಒಂದುಗೂಡಿಸಿ, ಯಾರಿಗೆ ಬೇಕೋ ಅವರಿಗೆ ಆ ಗಳಿಗೆಯಲ್ಲಿ ಬರಿದಾಗಿರುವ ದಾರಿಯನ್ನು ಒಂದು ಯಂತ್ರವು ಹಂಚುವುದು. ಇದಕ್ಕೆ ಟ್ರಂಕಿಂಗ್ ಎಂದು ಹೆಸರು; ಟೆಟ್ರಾ ಎಂಬುದು ಇದರದೊಂದು ಪ್ರಸಿದ್ಧ ಯೂರೋಪಿಯನ್ ಪದ್ಧತಿ. ಆ ಯಂತ್ರವು ಮಾಡುವುದು ನಮ್ಮ ನೀರುಗಂಟಿಯ ಕೆಲಸವನ್ನೇ. ಕೆರೆ ಒಂದು, ಗದ್ದೆಗಳು ಹಲವು. ತೂಬನ್ನು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ಬಿಡಬೇಕು ಎಂದು ಅವನು ನೋಡಿಕೊಳ್ಳುವನು. ಪೈರು ಒಣಗುವ ಗದ್ದೆಗೆ ಮೊದಲು. ಪ್ರಾಣ ಹೋಗುವವನ ಕೂಗಿಗೆ ಮೊದಲು. ಕೆಂಪು ಗುಂಡಿಯನ್ನು ಒತ್ತಿದವನಿಗಾಗಿ ಬೇರೆ ಮಾತನ್ನು ಬದಿಗೆ ಸರಿಸುವ ಏರ್ಪಾಟೂ ಇದರಲ್ಲುಂಟು. ಅವಘಡದ ಸ್ಥಳಕ್ಕೆ ಬಂದ ಮೂರು ಇಲಾಖೆಗಳವರನ್ನೂ ಆ ರಾತ್ರಿಯ ಮಟ್ಟಿಗೆ ಒಂದೇ ಗುಂಪಾಗಿ ಕೂಡಿಸುವುದೂ ಸಾಧ್ಯ.

ಇಂಥ ಜಾಲವನ್ನು ಕಟ್ಟಿ, ಗೋಪುರ, ಬ್ಯಾಟರಿ, ಸೆಟ್ಟುಗಳನ್ನು ಸುಸ್ಥಿತಿಯಲ್ಲಿಟ್ಟು, ಹಗಲಿರುಳು ಕಾಯುವ ಕೆಲಸವನ್ನು ಕೆಲವು ದೇಶಗಳಲ್ಲಿ ಸರ್ಕಾರವೇ ಮಾಡುವುದು. ಕೆಲವು ಕಡೆ ಸಂಬಳಕ್ಕೆ ಒಂದು ಕಂಪನಿಗೆ ಒಪ್ಪಿಸುವುದು. ನೀರುಗಂಟಿಯನ್ನು ಹೊರಗಿನಿಂದ ಗೊತ್ತುಮಾಡಿದಂತೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಕರಾರಿನಲ್ಲಿ ವಿವೇಕ ಬೇಕು. ಬ್ರಿಟನ್ನಿನಲ್ಲಿ ಪೋಲೀಸರು, ಅಗ್ನಿಶಾಮಕರು, ಆಂಬುಲೆನ್ಸಿನವರು ಮೂವರಿಗೂ ಏರ್‌ವೇವ್ ಎಂಬ ಒಂದೇ ಜಾಲವಿದೆ. ಅದನ್ನು ನಡೆಸುವುದು ಖಾಸಗಿ ಸಂಸ್ಥೆ. ಮೂವರಿಗೂ ಒಂದೇ ಕಿವಿಯಾದುದು ದೊಡ್ಡ ಲಾಭ. ಆದರೆ ಬದಲಿಗೆ ಬರಬೇಕಾಗಿದ್ದ ಹೊಸ ಜಾಲವು ನಿಶ್ಚಯಿಸಿದ ಕಾಲಕ್ಕೆ ಸಿದ್ಧವಾಗಲಿಲ್ಲ; ಹಳೆಯದನ್ನು ಬಿಡುವಂತಿಲ್ಲ, ಬೇರೆಯವರೂ ಇಲ್ಲ; ಬೆಲೆಯು ನ್ಯಾಯವನ್ನು ಮೀರಿದೆಯೆಂದು ಕಂಡು 2023ರಲ್ಲಿ ಆ ದೇಶದ ಸ್ಪರ್ಧಾ ಪ್ರಾಧಿಕಾರವು ದರಕ್ಕೆ ಮಿತಿಯನ್ನು ವಿಧಿಸಬೇಕಾಯಿತು. ಫಿನ್ಲೆಂಡ್ ದೇಶವಾದರೋ ಇಂಥ ಜಾಲವನ್ನು ಸರ್ಕಾರದ ಸ್ವಂತ ಸಂಸ್ಥೆಯ ಕೈಯಲ್ಲಿಟ್ಟುಕೊಂಡಿರುವುದು. ನಮ್ಮ ದೇಶದಲ್ಲಿ 2018ರ ಜೂನ್ ತಿಂಗಳಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ರಕ್ಷಣೆಯ ಕೆಲಸದವರಿಗೆಲ್ಲ ರಾಷ್ಟ್ರವ್ಯಾಪಿಯಾದ ಹೊಸ ಸಂಪರ್ಕಜಾಲವಿರಬೇಕೆಂದೂ ಅದಕ್ಕೆಂದೇ ತರಂಗಗಳ ಒಂದು ಭಾಗವನ್ನು ಮೀಸಲಿಡಬೇಕೆಂದೂ ಶಿಫಾರಸು ಮಾಡಿತು.

ಯಾರೇ ನಡೆಸಲಿ, ಕರಾರನ್ನು ಬರೆಯುವವರು ತಳವಾರನ ಆಯವನ್ನು ನೆನೆಯಬೇಕೆಂದು ನಮ್ಮ ಅಭಿಪ್ರಾಯ. ಎಷ್ಟು ಕರೆ ಬಂದುವು, ಎಷ್ಟು ಸೆಟ್ಟು ಮಾರಿದುವು ಎಂದು ಲೆಕ್ಕಹಾಕಿ ಹಣ ಕೊಟ್ಟರೆ ಎಚ್ಚರಕ್ಕೆ ಕೂಲಿಯಿಲ್ಲದಂತಾಯಿತು. ಯಾವ ಆಪತ್ತೂ ಇಲ್ಲದ ಮುನ್ನೂರು ರಾತ್ರಿಗಳಲ್ಲಿ ಜಾಲವು ಜೀವಂತವಾಗಿತ್ತೇ, ಕರೆಂಟು ಹೋದಾಗ ಬೆಟ್ಟದ ಮೇಲಿನ ಬ್ಯಾಟರಿ ಎಷ್ಟು ಗಂಟೆ ನಿಂತಿತು, ಕೆಟ್ಟ ಸೆಟ್ಟು ಎಷ್ಟು ದಿನಕ್ಕೆ ಹಿಂದಿರುಗಿತು, ಕರಾರು ಮುಗಿದ ದಿನ ಕೀಲಿಕೈ ಯಾರ ಕೈಗೆ ಬರುವುದು, ಇವನ್ನು ಕೇಳಿ ಹಣವನ್ನು ಅಳೆಯಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ತೆರೆಯಿತಷ್ಟೆ. ಓಡುಹಾದಿಯ ಯಾವ ತುದಿಗಾದರೂ ಬೆಂಕಿಯ ವಾಹನವು ಮೂರು ನಿಮಿಷಗಳೊಳಗೆ ಮುಟ್ಟಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಬಹಳ ಒಳ್ಳೆಯ ನಿಯಮ. ಬೇಲಿಯ ಒಳಗೆ ಮೂರು ನಿಮಿಷವಾದರೆ, ಬೇಲಿಯ ಹೊರಗೆ ತರಕಾರಿಯ ಗಾಡಿಯ ಹುಡುಗನಿಗೆ ಎಷ್ಟು? ಈ ಪ್ರಶ್ನೆಯನ್ನು ಕೇಳಲು ವಿಮಾನ ಹತ್ತಿದವರೇ ಆಗಬೇಕೆಂದಿಲ್ಲ.

ಯಂತ್ರವೊಂದೇ ಸಾಲದೆಂಬುದಕ್ಕೆ ಒಂದು ಹಳೆಯ ದೃಷ್ಟಾಂತವಿದೆ. 1912ರ ಏಪ್ರಿಲ್ ತಿಂಗಳಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ವೈರ್‌ಲೆಸ್ಸಿನಿಂದ ಕೂಗಿಕೊಂಡಾಗ, ಕ್ಯಾಲಿಫೋರ್ನಿಯನ್ ಎಂಬ ಹಡಗು ಅಷ್ಟೇನೂ ದೂರವಿರಲಿಲ್ಲ. ಅದರಲ್ಲಿಯೂ ಉತ್ತಮವಾದ ಯಂತ್ರವಿತ್ತು. ಆದರೆ ಅದನ್ನು ಕೇಳುವವನು ಒಬ್ಬನೇ. ದಿನದ ದುಡಿಮೆಯನ್ನು ಮುಗಿಸಿ ಯಂತ್ರವನ್ನು ನಿಲ್ಲಿಸಿ ಮಲಗಿದ್ದನು. ಇನ್ನೂ ದೂರದಲ್ಲಿದ್ದ ಕಾರ್ಪೇಥಿಯಾ ಹಡಗಿನವನು ಎಚ್ಚರವಾಗಿದ್ದುದರಿಂದ ಏಳುನೂರಕ್ಕೂ ಹೆಚ್ಚು ಮಂದಿ ಉಳಿದರು. ಮಲಗಿದವನ ಮೇಲೆ ತಪ್ಪು ಹೊರಿಸುವುದು ಯುಕ್ತವಲ್ಲ. ಒಬ್ಬನೇ ಮನುಷ್ಯನು ಹಗಲೂ ರಾತ್ರಿಯೂ ಕಿವಿಯಾಗಿರಲಾರನು. ಎರಡನೆಯವನನ್ನು ನೇಮಿಸದೆ ಉಳಿಸಿದ ಸಂಬಳವೇ ಅಲ್ಲಿ ತಪ್ಪು. ಆಮೇಲೆಯೇ ಹಡಗುಗಳಲ್ಲಿ ಹಗಲಿರುಳೂ ಕೇಳುವವರಿರಬೇಕೆಂಬ ನಿಯಮಗಳಾದುವು.

ಕೇಳುವ ಕಿವಿ ಸಿದ್ಧವಾಗಿದ್ದರೂ ಆಡುವ ಬಾಯಿ ಸರಿಯಿರಬೇಕು. ಇಲ್ಲಿ ತಪ್ಪಿತಸ್ಥರು ನಾವು. "ಸೇತುವೆಯ ಹತ್ತಿರ" ಎಂದವರು ನಾವೇ. ವಾಕ್ಯದಿಂದ ಅರ್ಥ ತಿಳಿಯಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ, ಬೇಕಾದಾಗ ಒಂದು ಪೂರ್ಣ ವಾಕ್ಯವು ಬಾಯಿಗೆ ಬರಲಿಲ್ಲ. ಯಾವ ಪದವನ್ನು ಕೇಳುವವನು ನಿರೀಕ್ಷಿಸುತ್ತಿರುವನೋ ಅದನ್ನೇ ಬಿಟ್ಟೆವು. ನಮ್ಮ ಸೀಮೆಯಲ್ಲಿ ಈ ಅಪಾಯ ಹೆಚ್ಚು. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರವೆಂಬ ಪಟ್ಟಣವಿದೆ. ಬಿಜಾಪುರಕ್ಕೂ 2014ರಿಂದ ವಿಜಯಪುರವೆಂದೇ ಹೆಸರು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣದ ಹೆಸರಿನ ಊರು ಹಾಸನ ಜಿಲ್ಲೆಯಲ್ಲಿಯೂ ಉಂಟು. ಹೊಸಹಳ್ಳಿ, ಗೊಲ್ಲರಹಳ್ಳಿಗಳಿಗಂತೂ ಲೆಕ್ಕವೇ ಇಲ್ಲ. ದೂರದ ಕಛೇರಿಯಲ್ಲಿ ಕುಳಿತು ಕರೆಯನ್ನು ಕೇಳುವ ಹುಡುಗಿಗೆ ನಮ್ಮೂರಿನ ಅರಳಿಮರ ಕಾಣುವುದೆ?

ಇದಕ್ಕೆ ನಮ್ಮಲ್ಲಿ ಪ್ರಾಚೀನವಾದ ಔಷಧವೊಂದಿದೆ. ವೇದಾಧ್ಯಾಯಿಗಳು ಅಕ್ಷರವು ತಪ್ಪದಿರಲೆಂದು ಕ್ರಮ, ಜಟೆ, ಘನ ಎಂದು ಪದಗಳನ್ನು ಹಿಂದುಮುಂದಾಗಿ ಪೋಣಿಸಿ ಹೇಳಿಕೊಳ್ಳುವುದುಂಟು. ವೈರ್‌ಲೆಸ್ಸಿನವರ ಶಿಸ್ತೂ ಇದೇ ಕುಲದ್ದು. ಕೇಳಿದವನು ಕೇಳಿದುದನ್ನು ಹಾಗೆಯೇ ಹಿಂದಿರುಗಿಸಿ ಹೇಳಬೇಕು. ಹೇಳಿದವನು ಸರಿಯೆಂದ ಮೇಲೆಯೇ ಗಾಡಿಯು ಕದಲಬೇಕು. "ಕಿವಿಯಲ್ಲಿ ಕೇಳಿದ್ದು ಅರ್ಧ ಮೇಷ್ಟ್ರೇ, ಬಾಯಲ್ಲಿ ಒಪ್ಪಿಸಿದ್ದು ಪೂರ್ತಿ" ಎಂದು ನಮ್ಮ ಶಿಷ್ಯನು ನಕ್ಕನು. ಪಾಠವನ್ನು ಒಪ್ಪಿಸಲು ಬಾರದೆ ಬೆಂಚಿನ ಮೇಲೆ ನಿಲ್ಲುತ್ತಿದ್ದ ಹುಡುಗ ಅವನು!

ಆದುದರಿಂದ ಗೃಹಿಣಿಯರೂ ಮನೆಯ ಯಜಮಾನರೂ ಇಂದು ಸಂಜೆಯೇ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸುವೆವು. 112 ಎಂಬುದು ಪೋಲೀಸು, ಬೆಂಕಿ, ವೈದ್ಯ ಮೂರಕ್ಕೂ ದೇಶಕ್ಕೆಲ್ಲ ಒಂದೇ ಆದ ಸಂಖ್ಯೆ. 2018ರಲ್ಲಿ ಮೊದಲು ಹಿಮಾಚಲ ಪ್ರದೇಶದಲ್ಲಿ ಪ್ರಾರಂಭವಾಗಿ ಆಮೇಲೆ ನಮ್ಮ ನಾಡಿಗೂ ಬಂದಿತು. ಆಂಬುಲೆನ್ಸಿಗೆ 108, ಇದು 2008ರ ನವೆಂಬರಿನಲ್ಲಿ ಆರೋಗ್ಯ ಕವಚವೆಂಬ ಹೆಸರಿನಿಂದ ಇಲ್ಲಿ ಮೊದಲಾಯಿತು. ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಈ ಮೂರು ಸಂಖ್ಯೆಗಳನ್ನು ಅಡಿಗೆಮನೆಯ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಿ. ಕೆಳಗೆ ನಿಮ್ಮ ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ಹತ್ತಿರದ ಶಾಲೆ ಅಥವಾ ಗುಡಿ, ಇವನ್ನು ಅದೇ ಕ್ರಮದಲ್ಲಿ ಬರೆಯಿರಿ. ಎಂಟು ವರ್ಷದ ಮಗುವಿಗೆ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿ. ಹೆದ್ದಾರಿಯಲ್ಲಿದ್ದರೆ ಯಾವ ಊರಿನಿಂದ ಯಾವ ಊರಿಗೆ ಹೋಗುವ ಮಗ್ಗುಲು, ಕಿಲೋಮೀಟರ್ ಕಲ್ಲಿನ ಮೇಲೆ ಯಾವ ಸಂಖ್ಯೆ ಎಂಬುದನ್ನು ಮೊದಲು ಹೇಳಬೇಕು. ಕೇಳಿದವರು ತಿರುಗಿ ಹೇಳುವವರೆಗೆ ಫೋನನ್ನು ಇಡಬಾರದು.

ದೊಡ್ಡವರಿಗೂ ಒಂದು ವಿಜ್ಞಾಪನೆಯುಂಟು. ಕಂಬವನ್ನು ನೆಡುವವನು ಅದನ್ನು ಅಲ್ಲಾಡಿಸಿ ನೋಡಿ, ಮತ್ತೆ ಬಡಿದು, ಮತ್ತೆ ಅಲ್ಲಾಡಿಸಿ ಗಟ್ಟಿಮಾಡುವನು. ಇದನ್ನೇ ಶಾಸ್ತ್ರಜ್ಞರು ಸ್ಥೂಣಾನಿಖನನ ನ್ಯಾಯವೆನ್ನುವರು. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪ್ರತಿವರ್ಷವೂ ಪುಷ್ಯ ಮಾಸದ ಷಷ್ಠಿಯಂದು ರಥೋತ್ಸವಕ್ಕೆ ಅಪಾರವಾದ ಜನ ಸೇರುವರು. ಪೋಲೀಸರು, ಅಗ್ನಿಶಾಮಕರು, ವೈದ್ಯರು ಮೂವರೂ ಅಲ್ಲಿ ಹೇಗೂ ಬಂದಿರುವರು. ಆ ದಿನ ಮೂವರೂ ಒಂದೇ ಗುಂಪಿನಲ್ಲಿ ಮಾತನಾಡಿ, ಎಲ್ಲಿ ಕೇಳಿತು, ಎಲ್ಲಿ ಕೇಳಲಿಲ್ಲ ಎಂದು ಗುರುತುಹಾಕಿಕೊಂಡರೆ, ಕಂಬವನ್ನು ಒಮ್ಮೆ ಅಲ್ಲಾಡಿಸಿ ನೋಡಿದಂತಾಗುವುದು. 2004ರ ಡಿಸೆಂಬರಿನಲ್ಲಿ ಸುನಾಮಿಯು ಅಂಡಮಾನಿಗೆ ಬಡಿದಾಗ, ಭಾರತಿ ಪ್ರಸಾದ್ ಎಂಬ ಮಹಿಳೆಯು ಹವ್ಯಾಸಕ್ಕೆಂದು ಅಲ್ಲಿಗೆ ಒಯ್ದಿದ್ದ ರೇಡಿಯೋ ಯಂತ್ರದಿಂದಲೇ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ದಿನವೂ ಬಳಸುತ್ತಿದ್ದ ವಿದ್ಯೆಯು ಆಪತ್ತಿನ ದಿನ ಕೈಬಿಡಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆ ಆ ಭಾಗ್ಯವಿಲ್ಲ.

ಆ ಹುಡುಗನು ಈಗ ನೆಲಮಂಗಲದ ಸಂತೆಯಲ್ಲಿ ಕುಳಿತು ತರಕಾರಿಯನ್ನು ಮಾರುವನು. ಹೋದ ತಿಂಗಳು ನಮ್ಮನ್ನು ಗುರುತಿಸಿ, "ಬನ್ನಿ ಮೇಷ್ಟ್ರೇ" ಎಂದು ಜನಸಂದಣಿಯ ಆಚೆಯಿಂದ ಕೂಗಿದನು. ನಮಗೆ ಕೇಳಿಸಿತು. ಬೇಡವೆಂದರೂ ಕೇಳದೆ ಚೀಲಕ್ಕೆ ಒಂದು ಹಿಡಿ ಹುರುಳಿಕಾಯಿಯನ್ನು ಹೆಚ್ಚಾಗಿ ಹಾಕಿದನು.